ಕೂತು ನಡೆದ ಹೆಜ್ಜೆಗಳು

ಗೋವೆಯಲ್ಲಿ ಕಡಿಮೆ ದುಡ್ಡಿನಲ್ಲಿ ತಯಾರಾದ ಸಿನಿಮಾಗಳನ್ನು ನೀವು ನೋಡಿದ್ದರೆ ನನ್ನ ಮುಖ ನೋಡಿರಲಿಕ್ಕಿಲ್ಲ, ಕಾಲನ್ನು ಮಾತ್ರ ಖಂಡಿತ ಕೇಳಿದ್ದೀರಿ. ಚರ್ಚಿನ ಮೆಟ್ಟಿಲಿಳಿಯುವ ಮದುಮಗಳು ನಾನು. ಅವಳ ಹಿಂದೆ ತೂರಾಡುತ್ತ ಬರುವ ಕುಡುಕ ಮಾವನೂ ನಾನೇ. ಪೊಲೀಸರ ಬೂಟು, ದೆವ್ವದ ಗೆಜ್ಜೆ, ಬಡ ಶಾಲೆಯ ಮಾಸ್ತರರ ಸವೆದ ಚಪ್ಪಲಿ, ಎಲ್ಲದರೊಳಗೂ ನನ್ನ ಆರನೇ ನಂಬರಿನ ಪಾದಗಳೇ ಇವೆ. ಗಂಡಸರ ಬೂಟಿಗೆ ಹಳೆಯ ಬನಿಯನ್ನು ತುರುಕಿಕೊಂಡು ನಡೆಯುತ್ತೇನೆ. ನಮ್ಮವರ ಮದುವೆಯ ಬೂಟು ಇಲ್ಲಿಯವರೆಗೆ ಏಳು ಸಿನಿಮಾಗಳಲ್ಲಿ ಖಳನಾಯಕನ ಕೆಲಸ ಮಾಡಿದೆ. ಅವರ ಕಾಲಿನಲ್ಲಿದ್ದಾಗ ಅದು ಅಷ್ಟು ಜೋರು ಮಾಡಿದ್ದನ್ನು ನಾನು ಕಂಡಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಚಿತ್ರೀಕರಣದ ಜಾಗದಲ್ಲಿ ಮೈಕು ಹಿಡಿಯುವುದು ಮಾತನ್ನು. ಹೆಜ್ಜೆ, ಬಳೆ, ಸೀರೆಯ ಸರಬರ, ಬೀಗ, ತಟ್ಟೆ, ಇವೆಲ್ಲ ಗಾಳಿಗೋ ಗಾಡಿ ಗದ್ದಲಕ್ಕೋ ಸಿಕ್ಕಿ ಹಾಳಾಗಿರುತ್ತವೆ. ಆಮೇಲೆ ಒಂದು ಮುಚ್ಚಿದ ಕೋಣೆಯಲ್ಲಿ ಚಿತ್ರ ನೋಡುತ್ತ, ಅದರ ಜೊತೆಜೊತೆಗೇ ಆ ಸದ್ದುಗಳನ್ನು ಹೊಸದಾಗಿ ಮಾಡಿ ಸೇರಿಸಬೇಕು. ದೊಡ್ಡ ಸಿನಿಮಾದವರಿಗೆ ಅದಕ್ಕೆ ದೊಡ್ಡ ಜಾಗ, ಬೇರೆ ಬೇರೆ ಜನ. ನಮ್ಮಂಥವರಿಗೆ ನಾನು ಮತ್ತು ನನ್ನ ಟ್ರಂಕು. ಒಗ್ಗರಣೆ ಹಾಕಿದರೆ ದೂರದ ಮಳೆ. ಹಳೆಯ ಛತ್ರಿಯನ್ನು ಪಟಪಟ ಬಿಚ್ಚಿ ಮುಚ್ಚಿದರೆ ಕಾಗೆಯ ರೆಕ್ಕೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ನುಗ್ಗೆಕಾಯಿ ಮುರಿದರೆ ಎಲುಬು. ಯಾರ ಎಲುಬು ಮುರಿದರೂ ಮರುದಿನ ನಮ್ಮ ಮನೆಯಲ್ಲಿ ನುಗ್ಗೆಕಾಯಿ ಸಾರು. ಕೆನ್ನೆಗೆ ಹೊಡೆಯುವುದಕ್ಕೆ ನಾದಿದ ಜೋಳದ ಹಿಟ್ಟು. ರೊಟ್ಟಿ ಬಡಿಯುವ ನಮ್ಮ ಧಾರವಾಡ ಕಡೆಯ ಹೆಂಗಸಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮವರ ಕಚೇರಿಯ ಗೆಳೆಯರೊಬ್ಬರು ಹವ್ಯಾಸಕ್ಕೆ ಒಂದು ಕೊಂಕಣಿ ಸಿನಿಮಾ ಮಾಡಿದ್ದರು. ನೋಡಲು ಹೋದ ನಾನು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. "ಆಕಿ ಸಿಟ್ಟು ಮಾಡಿಕೊಂಡು ಹೊಂಟಾಳ, ಹೆಜ್ಜಿ ನೋಡಿದ್ರ ದೇವರಿಗೆ ಹೊಂಟಂಗ ಅದ" ಎಂದುಬಿಟ್ಟೆ. ಹಾಗಾದರೆ ನೀವೇ ನಡೆಯಿರಿ ಎಂದು ಚಪ್ಪಲಿ ಕೊಟ್ಟರು. ಅಂದು ಹಾಕಿಕೊಂಡದ್ದು ಇನ್ನೂ ಬಿಚ್ಚಿಲ್ಲ. ನಮ್ಮವರು ಈಗಲೂ ಚುಚ್ಚುತ್ತಾರೆ: "ಊರ ಮಂದಿ ಎಲ್ಲಾ ನಿನ್ನ ಕಾಲಿಲೆ ನಡೀತಾರ. ನೀ ಮಾತ್ರ ಬಾಜಾರಕ್ಕ ಹೋಗೂದಾದ್ರ ರಿಕ್ಷಾ ಬೇಡ್ತಿ."

ರಿಕ್ಷಾ ಬೇಡುವುದಕ್ಕೆ ಕಾರಣವಿತ್ತು. ಎರಡು ವರ್ಷದಿಂದ ಬಲಗಾಲಿನ ಮೊಣಕಾಲು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ ಎಂದು ಹಟ ಹಿಡಿದಿದೆ. ಪಣಜಿಯ ಎಲುಬಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ನಡೆಯುತ್ತೇನೆ ಎಂದೆ. ನಡೆಯುವುದು ಒಳ್ಳೆಯದೇ, ಆದರೆ ಮೆಟ್ಟಿಲು ಬೇಡ, ನೆಲದ ಮೇಲೆ ಕೂರುವುದು ಬೇಡ, ಭಾರವಂತೂ ಬೇಡವೇ ಬೇಡ ಎಂದರು. ಒಂದು ಪಟ್ಟಿ ಬರೆದುಕೊಟ್ಟರು. ಓದಿ ನೋಡಿದರೆ ನನ್ನ ಕೆಲಸವನ್ನು ಒಂದೊಂದಾಗಿ ಬರೆದಂತಿತ್ತು.

ಆ ಪಟ್ಟಿಯನ್ನು ಟ್ರಂಕಿನ ತಳಕ್ಕೆ ಸೇರಿಸಿ ಸುಮ್ಮನಾದೆ. ಕೆಲಸ ಹೋದರೆ ನಾವೇನೂ ಉಪವಾಸ ಬೀಳುವುದಿಲ್ಲ, ಅವರ ಪಿಂಚಣಿ ಇದೆ. ಆದರೆ ಧಾರವಾಡ ಬಿಟ್ಟು ಬಂದ ಮೇಲೆ ಈ ಊರಿನಲ್ಲಿ ನಾನು ಒಬ್ಬರ ಹೆಂಡತಿ, ಒಬ್ಬಳ ತಾಯಿ, ಮಹಡಿ ಮೇಲಿನ ಮನೆಯವರು. ಆ ಕೋಣೆಯಲ್ಲಿ ಮಾತ್ರ ನನ್ನನ್ನು ನನಗಾಗಿ ಕರೆಯುತ್ತಿದ್ದರು. ಕಾಲು ಹೋಯಿತೆಂದು ಗೊತ್ತಾದರೆ ಇನ್ನು ಯಾರು ಕರೆಯುತ್ತಾರೆ? ಈ ಭಯವನ್ನು ನಮ್ಮವರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ಆಗ ಬಂದದ್ದು ಬೆಳಗಾವಿಯ ಹುಡುಗನ ಸಿನಿಮಾ. ಹುಡುಗ ಎಂದರೆ ಮೂವತ್ತು ದಾಟಿದ ನಿರ್ದೇಶಕ. ಇಬ್ಬರು ಗೆಳೆಯರ ಕ್ಯಾಮೆರಾ, ಯಾರದೋ ಕಾರು, ಅಂತೂ ಒಂದೂಮುಕ್ಕಾಲು ತಾಸಿನ ಕನ್ನಡ ಸಿನಿಮಾ ಮಾಡಿದ್ದ. ವಿಜಯಪುರದ ಕಡೆಯಿಂದ ಗೋವೆಗೆ ಬಂದು ಕಟ್ಟಡದ ಮಾಲು ಹೊರುವ ಹೆಂಗಸಿನ ಕಥೆ. ಮಾಲು ಎಂದರೆ ಕಲಸಿದ ಸಿಮೆಂಟು, ಮರಳು, ಜಲ್ಲಿಯ ಕಡಿ. ಅವಳು ಹೆಚ್ಚು ಮಾತಾಡುವುದಿಲ್ಲ, ನಡೆಯುತ್ತಾಳೆ. ಹಲಗೆಯ ಏರಿನ ಮೇಲೆ, ಅರ್ಧ ಕಟ್ಟಿದ ಮೆಟ್ಟಿಲ ಮೇಲೆ, ತಲೆಯ ಮೇಲೆ ಕಬ್ಬಿಣದ ಬುಟ್ಟಿ ಹೊತ್ತು ನಡೆಯುತ್ತಲೇ ಇರುತ್ತಾಳೆ. ಚಿತ್ರೀಕರಣದ ಪಕ್ಕದಲ್ಲೇ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿದ್ದುದರಿಂದ ಒಂದು ಹೆಜ್ಜೆಯೂ ಸರಿಯಾಗಿ ಸಿಕ್ಕಿರಲಿಲ್ಲ.

"ಕಾಕೂ, ಇದು ನಿಮ್ಮ ಕಾಲಿನ ಸಿನಿಮಾರೀ" ಎಂದ. ಹೌದಪ್ಪ, ಸರಿಯಾದ ಹೊತ್ತಿಗೇ ಬಂದಿ, ಎಂದುಕೊಂಡೆ.

ಅವನು ಸದ್ದು ಮುದ್ರಿಸುವ ಕೋಣೆ ಇರುವುದು ಕೊರ್ಲಿಮ್ ಕೈಗಾರಿಕಾ ವಸಾಹತಿನಲ್ಲಿ, ಹಳೆಯ ಗೋದಾಮೊಂದರ ಮೇಲಂತಸ್ತು. ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿದ್ದಾನೆ. ಪಕ್ಕದ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರ ದಿನವಿಡೀ ಬಡಿಯುತ್ತದೆ. ಹಾಗಾಗಿ ನಮ್ಮ ಕೆಲಸ ಭಾನುವಾರ ಮಾತ್ರ. ಭಾನುವಾರ ಚರ್ಚಿನ ಗಂಟೆ ಇರುತ್ತದೆ, ರೈಲು ಇರುತ್ತದೆ. ಅವೆಲ್ಲ ಮುಗಿಯುವವರೆಗೆ ಒಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತಿರಬೇಕು. ನೆಲದ ಮೇಲೆ ಮರದ ಚೌಕಟ್ಟುಗಳು: ಒಂದರಲ್ಲಿ ಮರಳು, ಒಂದರಲ್ಲಿ ಕಡಿ, ಒಂದರಲ್ಲಿ ಸಿಮೆಂಟಿನ ಹಾಸು, ಇನ್ನೊಂದರಲ್ಲಿ ಹಲಗೆ. ಇಡೀ ಗೋವೆ ಆ ನಾಲ್ಕು ಚೌಕಟ್ಟಿನಲ್ಲಿದೆ.

ಮೊದಲ ಭಾನುವಾರ ನಿಂತೇ ನಡೆದೆ. ಸಂಜೆ ಮನೆಯ ಎರಡು ಮಹಡಿ ಹತ್ತಲು ನಮ್ಮವರ ಹೆಗಲು ಬೇಕಾಯಿತು. ಎರಡನೆಯ ಭಾನುವಾರ ನಿರ್ದೇಶಕ ಚಹಾ ತರಲು ಹೋದಾಗ ಒಂದು ಸ್ಟೂಲು ಎಳೆದುಕೊಂಡು ಕೂತೆ. ಧ್ವನಿ ಮುದ್ರಿಸುವ ಯಂತ್ರ ಓಡುತ್ತಲೇ ಇತ್ತು. ಕೂತಲ್ಲೇ ಚಿತ್ರ ನೋಡುತ್ತ ಪಾದ ಎತ್ತಿ ಎತ್ತಿ ಇಟ್ಟೆ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ನೋವಿರಲಿಲ್ಲ. ಅವನು ಬಂದು ಕೇಳಿ, "ಭಾರೀ ಬಂದದಲ್ಲರಿ" ಎಂದ. ನಾಯಕಿಯ ಬುಟ್ಟಿಯಲ್ಲಿ ಇದ್ದದ್ದೂ ಸಿಮೆಂಟಲ್ಲ, ಬಣ್ಣ ಬಳಿದ ಥರ್ಮೋಕೋಲು. ಅವಳ ತಲೆ ಸುಳ್ಳು, ನನ್ನ ಕಾಲು ಸುಳ್ಳು, ಸರಿಹೋಯಿತು ಎಂದು ಸಮಾಧಾನ ಮಾಡಿಕೊಂಡೆ. ಅವನ ಮೇಜಿಗೂ ನನ್ನ ಚೌಕಟ್ಟುಗಳಿಗೂ ನಡುವೆ ಒಂದು ಹಾಸಿಗೆಯ ಅಡ್ಡ ಇತ್ತು. ಅದರ ಮರೆಯಲ್ಲಿ ಮತ್ತೂ ಎರಡು ಭಾನುವಾರ ಕೂತೇ ನಡೆದು, ನಾಲ್ಕು ಮಹಡಿಯ ಕಟ್ಟಡ ಹತ್ತಿ ಇಳಿದೆ.

ಮುಗಿದ ಭಾಗವನ್ನು ಅವನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಿದ್ದ. ಸೋಮವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ನೋಡುತ್ತಿದ್ದೆ. ಅಡುಗೆಮನೆಯ ಹತ್ತಿರ ನಮ್ಮ ಮನೆಯ ಕೆಲಸದಾಕೆ ನೆಲ ಒರೆಸುತ್ತಿದ್ದಳು. ಅವಳದೂ ವಿಜಯಪುರದ ಕಡೆಯೇ. ಚಿಂಬಲ್‌ನಲ್ಲಿ ಒಂದು ಕೋಣೆಯ ಮನೆ, ಗಂಡ, ಇಬ್ಬರು ಹೆಣ್ಣುಮಕ್ಕಳು. ಬೆಳಿಗ್ಗೆ ಆರೂವರೆಗೆ ನಮ್ಮಲ್ಲಿಗೆ ಬಂದು ಪಾತ್ರೆ, ನೆಲ ಮುಗಿಸಿ ಎಂಟಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಹದಿನೇಳು ವರ್ಷದಿಂದ ಮಾಲು ಹೊರುತ್ತಿದ್ದಾಳೆ. ನಮ್ಮ ಮನೆಗೆ ಬರತೊಡಗಿ ಆರು ವರ್ಷವಾಯಿತು. ಅವಳು ಒಳಗೆ ಬಂದದ್ದಾಗಲಿ ಹೊರಗೆ ಹೋದದ್ದಾಗಲಿ ನನಗೆ ಒಮ್ಮೆಯೂ ಕೇಳಿಸಿದ್ದಿಲ್ಲ. ಅದನ್ನು ಅವಳ ಒಳ್ಳೆಯ ಗುಣ ಎಂದು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು.

ಪರದೆಯ ಮೇಲೆ ನಾಯಕಿ ಹಲಗೆ ಏರುತ್ತಿದ್ದಳು. ಹಿಂದಿನಿಂದ ಸಣ್ಣಗೆ ನಗು ಕೇಳಿತು.

"ಯಾಕ ನಗ್ತಿ?" ಎಂದೆ.

"ಏನಿಲ್ರಿ ಅಕ್ಕಾರ. ಆಕಿ ಬುಟ್ಯಾಗ ಏನೂ ಇಲ್ರಿ."

ಥರ್ಮೋಕೋಲು ಇವಳಿಗೂ ಕಂಡಿತಲ್ಲ ಎನಿಸಿತು. ನಿರ್ದೇಶಕನಿಗೆ ಹೇಳಬೇಕು, ಬಣ್ಣ ಸರಿಯಾಗಿಲ್ಲ. "ನೋಡಿದ್ರ ತುಂಬಿದಂಗ ಕಾಣ್ತದಲ್ಲ, ನಿನಗ ಹೆಂಗ ಗೊತ್ತಾತು?" ಎಂದು ಕೇಳಿದೆ.

"ನಾ ಎಲ್ಲಿ ನೋಡೇನ್ರಿ? ಈ ಕಡೆ ಮಾರಿ ಮಾಡಿ ಒರಸಾಕತ್ತೇನಿ. ಕೇಳಿದೆ." ಅರಿವೆ ಹಿಂಡುತ್ತ, ಯಾರಿಗೋ ಹವಾಮಾನ ಹೇಳುವಷ್ಟು ಸಹಜವಾಗಿ ಮುಂದುವರಿಸಿದಳು. "ಹೊತ್ತಾಕಿ ಹಿಂಗ ನಡಿಯೂದಿಲ್ರಿ. ಈಕಿ ಕುಂತು ನಡದಂಗ ಐತಿ."

ಲ್ಯಾಪ್‌ಟಾಪಿನ ಸದ್ದು ನಿಲ್ಲಿಸಿದೆ. ಅವಳು ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದಳು. ಆಗಲೂ ಹೆಜ್ಜೆ ಕೇಳಿಸಲಿಲ್ಲ.

ಆ ದಿನ ನನಗೆ ಬಂದದ್ದು ಸಿಟ್ಟು, ನಾಚಿಕೆಯಲ್ಲ. ಪಾತ್ರೆ ತಿಕ್ಕುವವಳಿಗೆ ಏನು ಗೊತ್ತು, ಇಪ್ಪತ್ತೆರಡು ವರ್ಷ ಮಾಡಿದ್ದೇನೆ, ಎಂದು ಒಳಗೊಳಗೇ ಕುದ್ದೆ. ಮರುದಿನ ತಳ ಹತ್ತಿದ ಪಾತ್ರೆಯ ನೆಪ ತೆಗೆದು ಅವಳಿಗೆ ಒಂದು ಮಾತು ಹೆಚ್ಚೇ ಅಂದೆ. ಅವಳು ಮತ್ತೊಮ್ಮೆ ತಿಕ್ಕಿಕೊಟ್ಟಳು. ಆಮೇಲೆ ಸಿಮೆಂಟಿನ ಹಾಸನ್ನು ದೂರಿದೆ, ಮೈಕನ್ನು ದೂರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ಬೇರೆಯವರ ಮೇಲೆ ಎಷ್ಟು ಸಲ ಬಳಸಿದ್ದೆನೋ, ಈಗ ನನ್ನ ಮೇಲೇ ಬಿದ್ದಿತ್ತು.

ಬುಧವಾರ ಮಧ್ಯಾಹ್ನ ನಮ್ಮವರು ಮಲಗಿದ್ದಾಗ, ಒಂದು ದೊಡ್ಡ ಪಾತೇಲಿಗೆ ಅಕ್ಕಿ ಸುರಿದು ತಲೆಯ ಮೇಲೆ ಇಟ್ಟುಕೊಂಡೆ. ಎರಡು ಹೆಜ್ಜೆ ಸರಿಯಾಗಿ ಬಿತ್ತು. ಆ ಎರಡು ಹೆಜ್ಜೆಯಲ್ಲೇ ಅವಳು ಹೇಳಿದ್ದು ನಿಜವೆಂದು ನನ್ನ ಕಿವಿಗೆ ಗೊತ್ತಾಯಿತು. ಮೂರನೆಯದಕ್ಕೆ ಮೊಣಕಾಲು ಕೈಕೊಟ್ಟಿತು. ಅಕ್ಕಿ ಮನೆತುಂಬ ಹರಡಿತು, ಅಕ್ಕಿಯ ನಡುವೆ ನಾನು. ನಮ್ಮವರು ಎದ್ದು ಬಂದು, ಬಗ್ಗಿ ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು.

"ಇನ್ನ ಸಾಕು ಮಾಡು" ಎಂದರು. ಚುಚ್ಚುಮಾತಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

"ಸಾಕು ಮಾಡಿದ್ರ ಮುಂದ ಏನ್ ಮಾಡ್ಲಿರಿ?" ಎಂದೆ. ಅಳು ಬಂತು. ಅವರು ಪೊರಕೆ ತಂದು ಅಕ್ಕಿ ಗುಡಿಸತೊಡಗಿದರು.

ಆ ಸಂಜೆ ಯೋಚಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಿರ್ದೇಶಕನಿಗೆ ಸಂತೋಷವಾಗಿತ್ತು. ಸಿನಿಮಾ ನೋಡುವ ನೂರಾರು ಜನಕ್ಕೂ ಅದು ಹೆಜ್ಜೆಯೇ. ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಸ್ಟೂಲಿನ ಮೇಲೆ ಕೂತು ಇನ್ನೂ ಐದು ವರ್ಷ ದೂಡಬಹುದಿತ್ತು. ಆದರೆ ಆ ಸಿನಿಮಾ ಇದ್ದದ್ದೇ ಅವಳಂಥವರ ಮೇಲೆ. ಒಂದು ದಿನ ಅವಳೇ ಕೂತು ನೋಡಿದರೆ ಮತ್ತೆ ಹಾಗೇ ಸಣ್ಣಗೆ ನಗುತ್ತಾಳೆ. ಆ ನಗು ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ದೊಡ್ಡ ಪ್ರಾಮಾಣಿಕತೆ ಏನೂ ಅಲ್ಲ ಅದು, ಒಂದು ನಗುವಿಗೆ ಹೆದರಿದೆ ಅಷ್ಟೆ.

ಗುರುವಾರ ಅವಳು ಪಾತ್ರೆ ಬೋರಲು ಹಾಕುತ್ತಿದ್ದಾಗ ಕೇಳಿದೆ. ನನ್ನ ಭಾನುವಾರದ ಕೆಲಸ ಏನೆಂದು ಅವಳಿಗೆ ಮೊದಲ ಸಲ ಬಿಡಿಸಿ ಹೇಳಿದೆ. ಆ ಹೆಜ್ಜೆ ನನ್ನದೇ ಎಂದೂ, ಕೂತೇ ಮಾಡಿದ್ದೆಂದೂ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ, ನಿಮಗ ಅಂದಂಗಾತೇನ್ರಿ? ತಪ್ಪು ತಿಳೀಬ್ಯಾಡ್ರಿ ಅಕ್ಕಾರ."

"ತಪ್ಪು ನಂದವಾ. ನೀ ಬಂದು ನಡೀತಿಯೇನು?"

"ನಡಿಯಾಕ ಏನ್ರಿ, ದಿನಾ ನಡಿತೇನಿ. ಐತಾರ ದಿನದ ಪಗಾರ ಕೊಟ್ರ ಆತು. ಖರೇ, ನಾಕಕ್ಕ ನಳಾ ಬರ್ತೈತ್ರಿ, ನೀರು ತುಂಬಾಕ ಹೋಗಬೇಕು."

ನಿರ್ದೇಶಕನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಫೋನಿನಲ್ಲಿ ಎರಡು ಸಲ ಬೇರೆ ವಿಷಯ ಮಾತಾಡಿ ಇಟ್ಟೆ. ಮೂರನೆಯ ಸಲ, ನಿಂತು ಮಾಡಿದ್ದು ಒಂದೇ ದಿನ, ಉಳಿದದ್ದೆಲ್ಲ ಕೂತು ಮಾಡಿದ್ದು, ಮೊಣಕಾಲು ಹೋಗಿದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನು, "ನನಗ ಚಲೋನ ಕೇಳಸಾಕತ್ತದಲ್ಲರಿ ಕಾಕೂ. ಇಷ್ಟು ಬಾರೀಕ ಯಾರಿಗೆ ಗೊತ್ತಾಗ್ತದ?" ಎಂದ.

"ಗೊತ್ತಾದಾಕಿ ಒಬ್ಬಾಕಿ ಇದ್ದಾಳ. ನೀ ಸಿನಿಮಾ ಮಾಡಿದ್ದು ಆಕಿ ಮ್ಯಾಲೇನ."

"ಕರಕೊಂಡು ಬರ್ರಿ" ಎಂದ. ದನಿಯಲ್ಲಿ ಬೇಸರವಿತ್ತು. ಅದು ಕೆಲಸ ಹೆಚ್ಚಾದದ್ದಕ್ಕೋ ನನ್ನ ಮೇಲೋ ತಿಳಿಯಲಿಲ್ಲ.

ಭಾನುವಾರ ಅವಳು ಕೊರ್ಲಿಮ್‌ಗೆ ಬಂದದ್ದು ಹಬ್ಬದ ಸೀರೆ ಉಟ್ಟು, ಹೂ ಮುಡಿದು, ಎರಡೂ ಕೈತುಂಬ ಹಸಿರು ಬಳೆ ಹಾಕಿಕೊಂಡು. ಸಿನಿಮಾ ಅಂದಿದ್ದೆನಲ್ಲ. ಆ ಸೀರೆ ಉಸಿರಾಡಿದರೂ ಸರಬರ ಎನ್ನುತ್ತಿತ್ತು. ಹೇಳದೇ ಇದ್ದ ತಪ್ಪು ನನ್ನದು. ಅಲ್ಲಿ ನಾನು ಇಟ್ಟಿದ್ದ ಹಳೆಯ ನೂಲಿನ ಸೀರೆ ಉಡಿಸಿದೆ. ಬಳೆ ತೆಗೆಯಲು ಅವಳು ಒಪ್ಪಲಿಲ್ಲ. ಕೆಲಸಕ್ಕೆ ಹೋಗುವಾಗಿನಂತೆ ಅವುಗಳ ಮೇಲೆ ಒಂದು ಅರಿವೆ ಸುತ್ತಿಕೊಂಡಳು. ಚಪ್ಪಲಿಯನ್ನು ಬಾಗಿಲಿನ ಹೊರಗೇ ಬಿಟ್ಟಿದ್ದಳು, ಹೋಗಿ ತಂದೆವು.

ಅವಳು ಸಿಮೆಂಟಿನ ಹಾಸಿನ ಮೇಲೆ ನಡೆದಳು. ಧ್ವನಿ ಮುದ್ರಿಸುವ ಯಂತ್ರದಲ್ಲಿ ಏನೂ ಬೀಳಲಿಲ್ಲ. ನಿರ್ದೇಶಕ ತಂತಿ ಎಳೆದು ನೋಡಿದ, ಗುಂಡಿ ತಿರುವಿದ. ಮತ್ತೆ ನಡೆದಳು. ಏನೂ ಇಲ್ಲ. ನಾನು ಅವಳ ಪಾದ ನೋಡಿದೆ. ಬೆರಳಿನ ತುದಿಯಿಂದ ನೆಲವನ್ನು ಮುಟ್ಟಿ, ಒತ್ತಡವನ್ನು ಒಳಗೇ ನುಂಗಿ, ಆಮೇಲೆ ಹಿಮ್ಮಡಿ ಇಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ಆರು ವರ್ಷದಿಂದ ನಡೆದ ನಡಿಗೆ ಅದೇ. ಸಾಹೇಬರು ಮಲಗಿರುತ್ತಾರೆ ಎಂದು ಮೊದಲ ವಾರವೇ ನಾನೇ ಹೇಳಿದ್ದೆ. ಒಳ್ಳೆಯ ಗುಣ ಎಂದು ಹೊಗಳಿದ್ದು ನನ್ನದೇ ಅಪ್ಪಣೆಯನ್ನು.

"ಸಪ್ಪಳಾ ಮಾಡ್ರಿ" ಎಂದ ನಿರ್ದೇಶಕ. ಅವಳು ಹಾವು ಓಡಿಸುವವರ ಹಾಗೆ ಧಡಧಡ ತುಳಿದಳು. ಅದೂ ಸುಳ್ಳೇ. ಎರಡು ಸಲ ಮಾಡಿ, ಸೋತು, ಗೋಡೆಗೆ ಒರಗಿದಳು.

"ಸುಮ್ನ ಬರೇ ತಲೀಲೆ ನಡಿಯಂದ್ರ ಹೆಂಗ್ರಿ? ಬುಟ್ಟಿ ತರಸ್ರಿ."

ಗೋವೆಯಲ್ಲಿ ಮರಳಿಗೇನೂ ಬರವಿಲ್ಲ, ಯಾವ ಬೀದಿಯಲ್ಲಾದರೂ ಒಂದು ಕಟ್ಟಡ ಏಳುತ್ತಿರುತ್ತದೆ. ನಿರ್ದೇಶಕ ಕೆಳಗಿನ ಕಾವಲುಗಾರನನ್ನು ಕೇಳಿ ಎರಡು ಬಕೆಟ್ಟು ಒದ್ದೆ ಮರಳು, ಒಂದು ಕಬ್ಬಿಣದ ಬುಟ್ಟಿ ತಂದ. ಅವಳು ತುಂಬಿಸಿಕೊಂಡಳು. ಟವೆಲನ್ನು ತಿರುವಿ ಸಿಂಬಿ ಮಾಡಿ ತಲೆಯ ಮೇಲಿಟ್ಟು ಬುಟ್ಟಿಯ ಮುಂದೆ ನಿಂತಳು. ನಿಂತೇ ಇದ್ದಳು.

"ಯಾಕ?" ಎಂದೆ.

"ಹೊರಸ್ರಿ."

ನನಗೆ ಆಗ ಹೊಳೆಯಿತು. ತುಂಬಿದ ಬುಟ್ಟಿಯನ್ನು ಯಾರೂ ತಾವೇ ಎತ್ತಿ ತಲೆಗೆ ಇಟ್ಟುಕೊಳ್ಳುವುದಿಲ್ಲ. ಹೊರುವವಳಿಗೆ ಒಬ್ಬಳು ಹೊರಿಸುವವಳು ಇರಲೇಬೇಕು. ಇಡೀ ಸಿನಿಮಾದಲ್ಲಿ ನಾಯಕಿ ಒಬ್ಬಳೇ ಥರ್ಮೋಕೋಲನ್ನು ಹೂವಿನ ಹಾಗೆ ಎತ್ತಿ ತಲೆಗಿಟ್ಟುಕೊಂಡಿದ್ದಳು. ನಾನೂ ನೋಡಿದ್ದೆ, ನಿರ್ದೇಶಕನೂ ನೋಡಿದ್ದ. ಇಬ್ಬರಿಗೂ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ನಾವು ಓದಿದವರು.

ನಿರ್ದೇಶಕ ಮುಂದೆ ಬಂದ. ಅವಳು ಹಿಂದೆ ಸರಿದಳು. "ಗಂಡಸರು ಬ್ಯಾಡ್ರಿ. ಅವರು ತಲೀ ಮ್ಯಾಲೆ ಇಡೂದಿಲ್ಲ, ಒಗೀತಾರ. ಕುತಗಿ ಹಿಡೀತೈತಿ." ನಂತರ ನನ್ನ ಕಡೆ ನೋಡಿದಳು.

ಎಡಗಾಲಿನ ಮೇಲೆ ಭಾರ ಹಾಕಿ ಬಗ್ಗಿದೆ. ಬುಟ್ಟಿಯ ಒಂದು ಅಂಚು ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. "ಉಸಿರು ತಗೋರಿ. ಹಾಂ, ಎತ್ರಿ" ಎಂದಳು. ಇಬ್ಬರೂ ಒಟ್ಟಿಗೆ ಉಸಿರೆಳೆದು ಎತ್ತಿದೆವು, ಎದೆಯ ಮಟ್ಟಕ್ಕೆ, ಅಲ್ಲಿಂದ ತಲೆಗೆ. ನನ್ನ ಮೊಣಕಾಲಿನೊಳಗೆ ಏನೋ ಕಟಕಟ ಎಂದಿತು. ಅದೂ ಯಂತ್ರದಲ್ಲಿ ಬಿದ್ದಿರಬೇಕು. ಅವಳು ನಡೆದಳು.

ಆ ಸದ್ದನ್ನು ಹೇಗೆ ಹೇಳಲಿ? ಹಿಮ್ಮಡಿ, ಬೆರಳು ಎಂದು ಬೇರೆ ಬೇರೆ ಇರಲಿಲ್ಲ. ಇಡೀ ಪಾದ ಒಂದೇ ಸಲ ಇಳಿಯುತ್ತಿತ್ತು. ಹೆಜ್ಜೆ ಗಿಡ್ಡ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಗಡಿಯಾರದಷ್ಟು ಸಮ. ತಿರುಗುವಾಗ ಕುತ್ತಿಗೆ ಮಾತ್ರ ತಿರುಗಿಸಲಾಗದ್ದರಿಂದ ಇಡೀ ಮೈ ತಿರುಗಿ, ಚಪ್ಪಲಿಯ ಕೆಳಗೆ ಮರಳು ಕರಕ್ ಎನ್ನುತ್ತಿತ್ತು. ಹಲಗೆಯ ಮೇಲೆ ಪ್ರತಿ ಹೆಜ್ಜೆಗೂ ಮೂಗಿನಿಂದ ಒಂದು ಸಣ್ಣ ಉಸಿರು ಹೊರಗೆ ಬೀಳುತ್ತಿತ್ತು. ಅದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ಮಾಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಚೆನ್ನಾಗಿದೆ ಎಂಬ ಸಂತೋಷ ಆಮೇಲೆ ಬಂದದ್ದು.

ಮೊದಲ ಸುತ್ತು ಮುಗಿದ ಮೇಲೆ ನಿರ್ದೇಶಕ ಅಭ್ಯಾಸದಂತೆ ಗುಂಡಿ ತಿರುವುತ್ತ, "ಹಂಗ ನಿಲ್ರಿ, ಒಂದ್ ನಿಮಿಷ" ಎಂದ. "ಆಕಿ ತಲಿ ಮ್ಯಾಲೆ ಬುಟ್ಟಿ ಅದಲೋ" ಎಂದು ಗದರಿದೆ. "ಇಳಿಸಿದ ಮ್ಯಾಲೆ ತಿರುವು ನಿನ್ನ ಗುಂಡಿ." ಇಳಿಸುವುದಕ್ಕೂ ನಾನೇ ಬೇಕಿತ್ತು. ಹನ್ನೊಂದು ಸಲ ಹೊರಿಸಿದೆ, ಹನ್ನೊಂದು ಸಲ ಇಳಿಸಿದೆ. ಐದನೆಯದರ ಹೊತ್ತಿಗೆ ನನ್ನ ಕಷ್ಟ ನೋಡಿ ಅವಳು ತಾನೇ ಇನ್ನಷ್ಟು ಬಗ್ಗತೊಡಗಿದಳು. ಮೂರೂವರೆಗೆ ಹಬ್ಬದ ಸೀರೆ ಉಟ್ಟುಕೊಂಡು, ಹೆಡ್‌ಫೋನು ಹಾಕಿಕೊಂಡು ಒಮ್ಮೆ ಕೇಳು ಎಂದರೂ ಕೇಳದೆ, ನಳ ಬರುವ ಹೊತ್ತಾಯಿತೆಂದು ಚಿಂಬಲ್ ಬಸ್ಸಿಗೆ ಓಡಿದಳು.

ನಿರ್ದೇಶಕ ಎಲ್ಲವನ್ನೂ ಮತ್ತೆ ಕೇಳಿದ. ಮೂರು ಸಲ ಕೇಳಿದ. ನನ್ನ ಕಡೆ ತಿರುಗಲಿಲ್ಲ. ನಾಯಕಿ ಒಬ್ಬಳೇ ಬುಟ್ಟಿ ಎತ್ತುವ ತುಣುಕುಗಳನ್ನೆಲ್ಲ ತೆಗೆದು ಹಾಕುತ್ತೇನೆ ಎಂದ. ಬುಟ್ಟಿ ತಲೆಗೇರುವಾಗ ಪರದೆ ಕಪ್ಪು ಬಿಟ್ಟು, ಬರೀ ಸದ್ದು ಇಡುತ್ತೇನೆ ಎಂದ.

ಹದಿನೈದು ದಿನದ ಮೇಲೆ ಅವನ ಫೋನು ಬಂತು. ಗೆಳೆಯನೊಬ್ಬ ಡಿಚೋಲಿಯ ಗಣಿ ಕೆಲಸದವರ ಮೇಲೆ ಸಿನಿಮಾ ಮಾಡುತ್ತಿದ್ದಾನೆ, ಅದರಲ್ಲೂ ಹೊರುವ ಹೆಂಗಸರಿದ್ದಾರೆ. "ಅವರು ಬರ್ತಾರೇನ್ರಿ ಕಾಕೂ? ನೀವು ಆರಾಮ ತಗೋರಿ ಇನ್ನ. ಅವರಿಗೆ ಒಂದು ಮಾತು ಹೇಳಿದ್ರ ಸಾಕು." ಬಹಳ ಪ್ರೀತಿಯಿಂದ ಹೇಳಿದ. ಮೊಂಡು ಕತ್ತಿಯಿಂದ ಕೊಯ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಫೋನು ಇಟ್ಟು ಟ್ರಂಕು ತೆರೆದೆ. ನಮ್ಮವರ ಬೂಟು, ದೆವ್ವದ ಗೆಜ್ಜೆ, ಮಾಪಸಾ ಸಂತೆಯಲ್ಲಿ ಕೊಂಡ ಹಳೆಯ ಚಪ್ಪಲಿಗಳು. ತಳದಲ್ಲಿ ಡಾಕ್ಟರ ಪಟ್ಟಿ. ಮುಚ್ಚಿಟ್ಟೆ. ಆ ವಿಷಯವನ್ನು ಅವಳಿಗೆ ನಾಲ್ಕು ದಿನ ಹೇಳಲಿಲ್ಲ. ಮರೆತಿರಲಿಲ್ಲ. ದಿನವೂ ಪಾತ್ರೆಯ ಸದ್ದು ಕೇಳುತ್ತ ಕೂತಿರುತ್ತಿದ್ದೆ, ಬಾಯಿಗೆ ಬರುತ್ತಿರಲಿಲ್ಲ.

ಐದನೆಯ ದಿನ ಅವನು ಕಳಿಸಿದ ಸಿನಿಮಾವನ್ನು ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಹಚ್ಚಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಕೂರಲು ಒಲ್ಲೆ ಎಂದಳು, ಕೈ ಹಿಡಿದು ಕೂರಿಸಿ ಹೆಡ್‌ಫೋನು ಹಾಕಿದೆ. ಒದ್ದೆ ಕೈಗಳನ್ನು ಮೇಜಿಗೆ ತಾಗಿಸದೆ ಮೇಲೆತ್ತಿ ಹಿಡಿದುಕೊಂಡೇ ಕೇಳಿದಳು. ನಗಲಿಲ್ಲ. ಒಂದು ಹಂತದಲ್ಲಿ ಅವಳ ಕುತ್ತಿಗೆ ತಾನಾಗಿ ನೆಟ್ಟಗಾಯಿತು.

"ಇದು ನಂದೇನ್ರಿ?"

"ನಿಂದ."

ಇನ್ನಷ್ಟು ಕೇಳಿದಳು. ಆಮೇಲೆ ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಸೈಟಿನ್ಯಾಗ ಮಶೀನ್ ಸಪ್ಪಳದಾಗ ಏನೂ ಕೇಳೂದಿಲ್ರಿ ಅಕ್ಕಾರ" ಎಂದಳು. "ಇಷ್ಟು ವಜ್ಜಿ ಇತ್ತೇನ್ರಿ ಅದು?" ಎಂದು ಕೇಳಿದಳು.

ಹದಿನೇಳು ವರ್ಷ ಆ ಭಾರ ಹೊತ್ತವಳು ನನ್ನನ್ನು ಕೇಳಿದಳು. ಇನ್ನು ಬಚ್ಚಿಡುವುದಕ್ಕೆ ಆಗಲಿಲ್ಲ. ನಿರ್ದೇಶಕ ಫೋನು ಮಾಡಿದ್ದು, ಅವಳನ್ನೇ ಕೇಳಿದ್ದು, ನಾನು ನಾಲ್ಕು ದಿನ ಹೇಳದೇ ಇದ್ದದ್ದು, ಎಲ್ಲವನ್ನೂ ಹೇಳಿದೆ. ಅವಳಿಗೆ ನನ್ನ ನಾಲ್ಕು ದಿನದ ಬಗ್ಗೆ ಏನೂ ಅನಿಸಿದಂತೆ ಕಾಣಲಿಲ್ಲ.

"ನೀವು ಬರ್ತೀರಲ್ರಿ?"

"ನನ್ನನ್ನ ಕರದಿಲ್ಲವಾ. ನಿನ್ನೊಬ್ಬಾಕೀನ್ನ ಕರದಾರ."

ಅವಳು ನನಗೆ ಬುದ್ಧಿ ಕಡಿಮೆಯೇನೋ ಎಂಬಂತೆ ನೋಡಿದಳು. "ಒಬ್ಬಾಕಿ ಹೆಂಗ ಹೊತ್ಕೊಳ್ಳಲಿರಿ ಅಕ್ಕಾರ?"

ಎದ್ದು, ಬಕೆಟ್ಟು ತೆಗೆದುಕೊಂಡು ಬಚ್ಚಲಿಗೆ ಹೋದಳು. ನಾನು ನಿರ್ದೇಶಕನಿಗೆ ಫೋನು ಹಚ್ಚಿ, ಬಂದರೆ ಇಬ್ಬರೂ ಬರುತ್ತೇವೆ ಎಂದೆ. ಒಂದು ಸ್ಟೂಲು ಇಟ್ಟಿರು ಎಂದೂ ಹೇಳಿದೆ, ಈ ಸಲ ಬರೀ ಕೂರುವುದಕ್ಕೆ.